ನಿದ್ದೆಗೆ ಬರೆದ ವಾಕ್ಯ

ಟಿಕ್ ಎಂದಿತು.

ಹಲ್ಲಿ ಲೊಚಗುಟ್ಟಿದ್ದಲ್ಲ, ಫ್ಯಾನಿನ ಸದ್ದೂ ಅಲ್ಲ. ಕುಂಕುಮದ ಭರಣಿಯ ಮುಚ್ಚಳವನ್ನು ಯಾರೋ ಉಗುರಿನಿಂದ ಮೆಲ್ಲಗೆ ಎಬ್ಬಿದ ಹಾಗಿತ್ತು. ಎದೆಯುರಿ ತಾಳಲಾರದೆ ಸಿಂಚನಾ ದಿಂಬುಗಳನ್ನು ಒಟ್ಟಿಕೊಂಡು ಮಂಚದ ಮೇಲೆ ಒರಗಿದ್ದಳು. ಮನೆಯೆಲ್ಲ ಮಲಗಿತ್ತು. ರೈಲ್ವೆಯಲ್ಲಿ ಕೆಲಸ ಮಾಡುವ ಗಂಡ ಮಧುಕರನಿಗೆ ಅವತ್ತು ರಾತ್ರಿ ಪಾಳಿ. ಕೆಳಗೆ ಚಾಪೆಯ ಮೇಲೆ ದೊಡ್ಡಮ್ಮ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಸದ್ದಿನ ಬೆನ್ನಿಗೇ ವಾಸನೆ ಬಂತು. ಸಾಂಬ್ರಾಣಿ. ಈ ಹೊತ್ತಿನಲ್ಲಿ ಯಾರು ಹಾಕುತ್ತಾರೆ ಸಾಂಬ್ರಾಣಿ ಎಂದು ಅವಳು ತಲೆಯೆತ್ತುವಷ್ಟರಲ್ಲಿ, ತಲೆದಿಂಬಿನ ಪಕ್ಕದ ಯಂತ್ರದಿಂದ ಒಂದು ಹೆಂಗಸಿನ ದನಿ ಪಿಸುಗುಟ್ಟಿತು.

"ಬೆಳಗಿನ ಹೊತ್ತು ಎಲ್ಲಾರೂ ಇರ್ತಾರೆ ಕಣವ್ವ. ಕಾಯೋ ಕೆಲಸ ಇರಲ್ಲ. ಕಣ್ಣು ಬಿಡೋದ್ರೊಳಗೆ ಎಲ್ಲ ಮುಗಿದಿರ್ತೈತೆ."

ಸಿಂಚನಾಳ ಮೈ ಜುಮ್ಮೆಂದಿತು. ಆ ದನಿಗೆ ಅವಳು ಹೆದರಲಿಲ್ಲ, ದನಿ ದಿನವೂ ಕೇಳುವಂಥದ್ದೇ. ಆ ವಾಕ್ಯ ಅವಳದಾಗಿತ್ತು. ಮೊದಲು 'ಕಣಮ್ಮ' ಎಂದು ಬರೆದು, ಬಾಯಲ್ಲಿ ಹೊರಳಿಸಿ ನೋಡಿ, ಗುಬ್ಬಿ ತುಮಕೂರಿನ ಕಡೆಯ ಹೆಂಗಸಿಗೆ 'ಕಣವ್ವ' ಎಂದರೇ ಹತ್ತಿರವಾಗುತ್ತದೆಂದು ತಿದ್ದಿದ್ದವಳು ಅವಳೇ. ಕಚೇರಿಯಲ್ಲಿ ಕೂತು, ಕಾಫಿ ಕುಡಿಯುತ್ತ, ಯಾರಿಗೋ ಎಂದು ಬರೆದಿದ್ದು. ಈಗ ಅದು ಕತ್ತಲಲ್ಲಿ ಅವಳ ಕಿವಿಯ ಹತ್ತಿರ ಬಂದು, ಅವಳು ನಿದ್ದೆಯಲ್ಲಿದ್ದಾಳೆಂದುಕೊಂಡು, ಮತ್ತೆ ಮತ್ತೆ ಅದನ್ನೇ ಹೇಳುತ್ತಿತ್ತು. ತನ್ನ ಎಂಜಲನ್ನೇ ಯಾರೋ ಬಟ್ಟಲಲ್ಲಿ ಹಿಡಿದಿಟ್ಟು ರಾತ್ರಿ ತನಗೆ ಕುಡಿಸುತ್ತಿದ್ದಾರೆ ಎನ್ನಿಸಿತು.

ಅವಳು ನಿದ್ದೆಯಲ್ಲಿದ್ದಾಳೆಂದು ಯಂತ್ರ ತಿಳಿದದ್ದಕ್ಕೆ ಕಾರಣವಿತ್ತು. ಎಂಟನೇ ತಿಂಗಳಿಗೆ ಬಿದ್ದ ಮೇಲೆ ಅವಳ ಕೈ ಊದಿ, ನಾಡಿ ನೋಡುವ ಪಟ್ಟಿ ಮಣಿಕಟ್ಟಿಗೆ ಕಚ್ಚುತ್ತಿತ್ತು. ಬಿಚ್ಚಿಟ್ಟರೆ ಯಂತ್ರ, ಪಟ್ಟಿ ಕಟ್ಟಿಕೊಳ್ಳಿ, ಪಟ್ಟಿ ಕಟ್ಟಿಕೊಳ್ಳಿ ಎಂದು ನೆನಪಿಸುತ್ತಲೇ ಇರುತ್ತದೆ. ಹೇಳಿಸಿಕೊಳ್ಳುವುದೆಂದರೆ ಮೊದಲಿಂದಲೂ ಅವಳಿಗೆ ಆಗದು. ಅದಕ್ಕೇ ಅವತ್ತು ಮಲಗುವಾಗ ಪಟ್ಟಿಯನ್ನು ಬಿಚ್ಚಿ, ಆಗಲೇ ನಿದ್ದೆ ಹೋಗಿದ್ದ ದೊಡ್ಡಮ್ಮನ ಕೈಗೆ ಸುತ್ತಿದ್ದಳು. ಯಂತ್ರ ದೊಡ್ಡಮ್ಮನ ನಾಡಿಯನ್ನು ನೋಡಿಕೊಂಡು ಸಿಂಚನಾಳ ಕಿವಿಗೆ ಉಸುರುತ್ತಿತ್ತು.

* * *

ಯಂತ್ರದ ಹೆಸರು ಗೆಳತಿ. ಕೊಬ್ಬರಿಯ ಹೋಳನ್ನು ಬೋರಲು ಹಾಕಿದರೆ ಎಷ್ಟಿರುತ್ತದೋ ಅಷ್ಟು, ಬಣ್ಣ ಹಾಲುಬಿಳುಪು. ರಾಜ್ಯದಲ್ಲಿ ಯಾವ ಹೆಂಗಸು ಬಸುರಿಯೆಂದು ದಾಖಲಾದರೂ ಅವಳಿಗೆಂದೇ ಒಂದು ಗೆಳತಿ ಮನೆಗೆ ಬರುತ್ತಿತ್ತು. ಒಬ್ಬಳಿಗೆ ಒಂದು. ಅವಳ ಊರಿನ ಮಾತನ್ನೇ ಆಡುತ್ತಿತ್ತು. ದಿನಾ ಸಂಜೆ ಅವಳೊಡನೆ ಕೂತು, ಹೆರಿಗೆ ಹೇಗಾಗಬೇಕೆಂದು ಕೇಳುತ್ತಿತ್ತು: ಕೋಣೆಯಲ್ಲಿ ಯಾರಿರಬೇಕು, ಓಡಾಡಿಕೊಂಡಿರುವೆಯೋ ಮಲಗುವೆಯೋ, ನೋವಿಗೆ ಮದ್ದು ಬೇಕೋ ಬೇಡವೋ, ಹುಟ್ಟಿದ ಕೂಸನ್ನು ಮೊದಲು ಯಾರ ಮಡಿಲಿಗೆ ಹಾಕಬೇಕು. ಇದೆಲ್ಲ ಸೇರಿ ಅವಳ ಹೆರಿಗೆ ಸಂಕಲ್ಪವಾಗುತ್ತಿತ್ತು. ತಾಯಿಗೋ ಮಗುವಿಗೋ ಅಪಾಯವಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಆಸ್ಪತ್ರೆ ಆ ಸಂಕಲ್ಪವನ್ನು ಮೀರುವಂತಿರಲಿಲ್ಲ. ಮೀರಿದರೆ ಶಿಕ್ಷೆ. ಅದಕ್ಕೊಂದು ಕಾಯಿದೆಯೇ ಇತ್ತು.

ಆ ಕಾಯಿದೆ ಬಂದಾಗ ಸಿಂಚನಾ ಕಾಲೇಜಿನಲ್ಲಿದ್ದಳು. ಅದು ಬರಲೆಂದು ಸಹಪಾಠಿಗಳೊಡನೆ ಮೆರವಣಿಗೆಗೂ ಹೋಗಿದ್ದಳು. ಅದಕ್ಕೆ ಮುಂಚೆ ಹೆರಿಗೆ ವಾರ್ಡು ಹೇಗಿತ್ತೆಂದು ದೊಡ್ಡಮ್ಮ ಎಷ್ಟೋ ಸಲ ಹೇಳಿದ್ದಳು. ಸಾಲಾಗಿ ಮಲಗಿಸುತ್ತಿದ್ದರಂತೆ, ಅರಚಿದರೆ ತೊಡೆಗೆ ಪಟಾರೆಂದು ಬಿಡುತ್ತಿದ್ದರಂತೆ, ಗಂಡನ ಜೊತೆ ಮಲಗುವಾಗ ಗೊತ್ತಿರಲಿಲ್ಲವಾ ಎಂದು ಕೇಳುತ್ತಿದ್ದರಂತೆ. ಕನ್ನಡ ಎಂ.ಎ. ಮುಗಿಸಿ, ಗೆಳತಿಯನ್ನು ತಯಾರಿಸುವ 'ಮಡಿಲು' ಕಂಪನಿಯ ತುಮಕೂರಿನ ಕಚೇರಿಯಲ್ಲಿ ಮಾತು ಬರೆಯುವ ಕೆಲಸ ಸಿಕ್ಕಾಗ ಸಿಂಚನಾ ಒಂದು ಒಳ್ಳೆಯ ಕೆಲಸಕ್ಕೆ ಸೇರಿದೆನೆಂದೇ ಅಂದುಕೊಂಡಳು. ಜಿಲ್ಲೆಯ ಹೆಂಗಸರ ಜೊತೆ ಗೆಳತಿ ಆಡುವ ಮಾತುಗಳನ್ನೆಲ್ಲ ತೂಗಿ ನೋಡಿ ಬರೆಯುತ್ತಿದ್ದವಳು ಅವಳೇ. ನಿದ್ದೆಗೆ ಮುಂಚೆ ಮನಸ್ಸು ಹಗುರವಾಗಲು ಕೆಲವು ವಾಕ್ಯ ಬೇಕೆಂದು ಒಮ್ಮೆ ಮೇಲಿನಿಂದ ಕೇಳಿದ್ದರು. ಬೆಳಗಿನ ಹೊತ್ತು, ಎಲ್ಲರೂ ಇರುವುದು, ಕಾಯುವಂತಿಲ್ಲದಿರುವುದು, ಈ ಮೂರು ಬರಲಿ ಎಂದಿದ್ದರು. ಬರೆದುಕೊಟ್ಟು ಶಭಾಷ್ ಎನ್ನಿಸಿಕೊಂಡಿದ್ದಳು.

ಬಸುರಿಯಾದಾಗ ಅವಳ ಸಂಕಲ್ಪ ಸರಳವಾಗಿತ್ತು. ನೋವು ತಾನಾಗಿ ಬರಲಿ, ಕಾಯುತ್ತೇನೆ. ದೊಡ್ಡಮ್ಮ ಪಕ್ಕದಲ್ಲಿರಲಿ. ಡಾಕ್ಟರು ಪರೀಕ್ಷೆ ಮಾಡಿ, ಏನೂ ತೊಂದರೆಯಿಲ್ಲ, ಧಾರಾಳವಾಗಿ ಕಾಯಬಹುದು ಎಂದಿದ್ದರು. ಸಿಂಚನಾಗೆ ತಾಯಿಯಿರಲಿಲ್ಲ. ಅವಳು ಐದು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ಸಾಕಿದ್ದು ದೊಡ್ಡಮ್ಮ ಸರ್ವಮಂಗಳ. ತವರೆಂದು ಹೋಗಲು ಮನೆಯಿಲ್ಲದ್ದರಿಂದ ದೊಡ್ಡಮ್ಮನೇ ಗುಬ್ಬಿಯಿಂದ ಗಂಟುಮೂಟೆ ಕಟ್ಟಿಕೊಂಡು, ಬಾಣಂತಿಗೆ ಬೇಕಾಗುವ ಖಾರದ ಪುಡಿ, ಹರಳೆಣ್ಣೆ, ಹಳೆ ಮೆತ್ತನೆ ಸೀರೆಗಳನ್ನೆಲ್ಲ ಹೊತ್ತುಕೊಂಡು ಬಂದಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಎದ್ದ ಸಿಂಚನಾಗೆ, ಇದೆಲ್ಲ ಯಾಕೆ, ದಿನ ಗೊತ್ತುಮಾಡಿ ಆಪರೇಷನ್ ಮಾಡಿಸಿಕೊಂಡುಬಿಡೋಣ ಎನ್ನಿಸಿತು. ಯಾರೂ ಹೇಳಿರಲಿಲ್ಲ. ಬಲವಂತವಿರಲಿಲ್ಲ. ಒಳಗಿನಿಂದ, ತಣ್ಣಗೆ, ತನಗೇ ಹಾಗನ್ನಿಸಿತ್ತು. ಆಪರೇಷನ್ ಕೋಣೆಯೊಳಗೆ ಬೇರೆಯವರನ್ನು ಬಿಡುವುದಿಲ್ಲ. ದೊಡ್ಡಮ್ಮ ಹೊರಗಿದ್ದರಾಯಿತು ಎಂದು ಸಂಕಲ್ಪ ತಿದ್ದಿಸಿದಳು. ಅವತ್ತು ದೊಡ್ಡಮ್ಮನ ಕೈಯಲ್ಲಿ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು, ಅಷ್ಟೇ.

* * *

ಬೆಳಗಾಗುವವರೆಗೂ ಸಿಂಚನಾ ನಿದ್ದೆ ಮಾಡಲಿಲ್ಲ. ಆ ವಾಸನೆ ಕೋಣೆ ಬಿಟ್ಟು ಹೋಗಲಿಲ್ಲ.

ಅವಳಿಗೆ ಅಮ್ಮನದೆಂದು ಉಳಿದಿದ್ದ ನೆನಪು ಒಂದೇ. ಅಮ್ಮ ಎಣ್ಣೆನೀರು ಹಾಕಿಕೊಂಡು ಬಂದು, ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಒದ್ದೆ ಕೂದಲನ್ನು ಹರವಿ ಮಲಗಿದ್ದಾಳೆ. ಬುಟ್ಟಿಯ ಕೆಳಗೆ ಕೆಂಡಕ್ಕೆ ಉದುರಿಸಿದ ಸಾಂಬ್ರಾಣಿ. ಕೂದಲಿನ ಎಡೆಯಿಂದ ಹೊಗೆ ಏಳುತ್ತಿದೆ. ಮುಖ ನೆನಪಿಲ್ಲ, ಹೊಗೆ ಮಾತ್ರ ನೆನಪಿದೆ. ದೊಡ್ಡಮ್ಮ ಬಂದ ಮೇಲೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ದಿನಾ ಸಾಂಬ್ರಾಣಿ ಹಾಕುತ್ತಿದ್ದಳು. ಸಂಜೆ ಗೆಳತಿಯೊಡನೆ ಕೂತಾಗ ಬರುತ್ತಿದ್ದ ವಾಸನೆಯೂ ದೇವರ ಗೂಡಿನಿಂದಲೇ ಬರುತ್ತಿದೆಯೆಂದು ಸಿಂಚನಾ ತಿಳಿದಿದ್ದಳು. ಅದೇ ಅವಳ ತಪ್ಪು. ಬೇರೆ ಮನೆಯಾಗಿದ್ದರೆ, ಹಾಕದ ಸಾಂಬ್ರಾಣಿ ಎಲ್ಲಿಂದ ಬಂತೆಂದು ಮೊದಲ ದಿನವೇ ಮೂಗು ಎಚ್ಚರಗೊಳ್ಳುತ್ತಿತ್ತು. ಈಗ ಒಂದೊಂದಾಗಿ ನೆನಪಿಗೆ ಬರತೊಡಗಿತು. ಕಾಯುವುದರ ಮಾತು ಬಂದಾಗ ವಾಸನೆಯಿರುತ್ತಿರಲಿಲ್ಲ. ಆಪರೇಷನ್ನಿನ ಮಾತು ಬಂದಾಗ ಇರುತ್ತಿತ್ತು.

ಬೆಳಿಗ್ಗೆ ದೊಡ್ಡಮ್ಮ ಎದ್ದು ಕೈಯ ಪಟ್ಟಿ ನೋಡಿಕೊಂಡಳು.

"ಇದೇನೇ ಸಿಂಚು, ರಾತ್ರೋರಾತ್ರಿ ನನಗೇ ಬಸುರು ಕಟ್ಟಿದ್ದೀಯ?"

ಸಿಂಚನಾ ನಗಲು ಹೋದಳು, ಅಷ್ಟರಲ್ಲಿ ದೊಡ್ಡಮ್ಮನ ಸೆರಗಿಗೆ ಅಂಟಿದ್ದ ಹಿಂದಿನ ಸಂಜೆಯ ಸಾಂಬ್ರಾಣಿ ಮೂಗಿಗೆ ಬಡಿದು, ಬಚ್ಚಲಿಗೆ ಓಡಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡಳು. ದೊಡ್ಡಮ್ಮ ಹಿಂದೆಯೇ ಬಂದು ಹಣೆ ಹಿಡಿದುಕೊಂಡಳು. ಎಂಟನೇ ತಿಂಗಳಲ್ಲಿ ಇದೆಂಥ ವಾಂತಿ ಎಂದು ಗೊಣಗಿದಳು. ಹತ್ತಿರ ಬರಬೇಡ ಎಂದಳು ಸಿಂಚನಾ. ನಿನ್ನ ಸೀರೆ ವಾಸನೆ ಬರುತ್ತಿದೆ ಎಂದೂ ಅಂದುಬಿಟ್ಟಳು.

ದೊಡ್ಡಮ್ಮ ಹಣೆಯಿಂದ ಕೈ ತೆಗೆದಳು. "ಆಯ್ತು ಬಿಡವ್ವ," ಎಂದಳು. "ಒಳಗೂ ಬೇಡ, ಹತ್ರಾನೂ ಬೇಡ. ಇನ್ನು ಗುಬ್ಬಿ ಬಸ್ ಹತ್ತು ಅಂದ್ಬುಡು."

ನೀರು ಬಿಟ್ಟು ಮುಖ ತೊಳೆಯುತ್ತ ಸಿಂಚನಾಗೆ ಅರ್ಥವಾಯಿತು. ಅಮ್ಮನ ನೆನಪಿದ್ದ ಜಾಗಕ್ಕೆ ಯಾರೋ ಚಪ್ಪಲಿ ಹಾಕಿಕೊಂಡು ನುಗ್ಗಿದ್ದರು. ಹೊಗೆ ಏಳುವ ಕೂದಲನ್ನು ನೆನೆದರೆ ಈಗ ಅದರ ಹಿಂದೆ ಆಪರೇಷನ್ ಕೋಣೆಯ ದೀಪ ಕಾಣುತ್ತಿತ್ತು.

* * *

ಮಡಿಲು ಕಚೇರಿಯ ಎರಡನೇ ಮಹಡಿಯಲ್ಲಿ ನಿಗಾ ಕೊಠಡಿ. ಸಿಂಚನಾ ಅಲ್ಲಿಗೆ ಹೋಗಿದ್ದು ಕಡಿಮೆ, ಅವಳ ಕೆಲಸವೆಲ್ಲ ಕೆಳಗೆ. ಗೋಡೆಯಗಲದ ತೆರೆಯ ಮೇಲೆ ಜಿಲ್ಲೆಯ ನಕ್ಷೆ. ಅದರಲ್ಲಿ ಸಾವಿರಾರು ಚುಕ್ಕಿಗಳು, ಒಂದೊಂದು ಚುಕ್ಕಿಯೂ ಒಬ್ಬೊಬ್ಬ ಬಸುರಿ. ಹಗಲಾದ್ದರಿಂದ ಹೆಚ್ಚಿನವು ಬೂದು ಬಣ್ಣಕ್ಕಿದ್ದವು. ಪಾವಗಡದ ಕಡೆ ಒಂದೆರಡು ಮಾತ್ರ ಹಸಿರಾಗಿ ಮಿಣುಕುತ್ತಿದ್ದವು, ಮಧ್ಯಾಹ್ನದ ಊಟ ಮಾಡಿ ಮಲಗಿದ ಹೆಂಗಸರಿರಬೇಕು.

ಕೊಠಡಿಯ ಮುಖ್ಯಸ್ಥ ಡಾ. ವಾಗೀಶ ಹಸನ್ಮುಖಿ. ಕುರ್ಚಿ ತಾನೇ ಎಳೆದು ಕೊಟ್ಟ, ಬೆನ್ನಿಗೆ ದಿಂಬು ಬೇಕೇ ಎಂದು ಕೇಳಿದ. ಸಿಂಚನಾ ರಾತ್ರಿ ಕೇಳಿದ್ದನ್ನು ಹೇಳಿದಳು. ಅವನು ತಡಬಡಿಸಲಿಲ್ಲ, ಅಲ್ಲಗಳೆಯಲಿಲ್ಲ. ತನ್ನ ಮಗುವಿನ ಜಾಣತನ ಬೇರೆಯವರು ಕಂಡುಹಿಡಿದರೆ ಅಪ್ಪಂದಿರಿಗೆ ಆಗುವಂಥ ಖುಷಿ ಅವನ ಮುಖದಲ್ಲಿತ್ತು.

ನಿದ್ದೆಯಲ್ಲಿ ಮಿದುಳು ಹಗಲಿನ ಸಂಗತಿಗಳನ್ನು ಮತ್ತೆ ಮೆಲುಕು ಹಾಕುತ್ತದೆ ಎಂದು ಅವನು ವಿವರಿಸಿದ. ಹಗಲಲ್ಲಿ ಒಂದು ವಿಷಯದ ಜೊತೆಗೆ ಒಂದು ವಾಸನೆಯನ್ನು ಕಟ್ಟಿ, ರಾತ್ರಿ ಸರಿಯಾದ ಗಳಿಗೆಯಲ್ಲಿ ಅದೇ ವಾಸನೆಯನ್ನು ಮೂಗಿಗೆ ಬಿಟ್ಟರೆ, ಬೇರೆಯದನ್ನು ಬಿಟ್ಟು ಅದೇ ವಿಷಯವನ್ನು ಹೆಚ್ಚು ಸಲ ಮೆಲುಕು ಹಾಕುತ್ತದೆ. ನಾಲ್ಕು ದಿನ ಹಾಗೆ ಮಾಡಿದರೆ ಅದು ರೂಢಿಯ ದಾರಿಯಾಗಿಬಿಡುತ್ತದೆ. ಯಾವ ವಾಸನೆ ಎಂಬುದನ್ನು ತಾವು ಆರಿಸುವುದಿಲ್ಲ. ಗೆಳತಿ ಮೊದಲ ವಾರದಲ್ಲಿ ಹಲವನ್ನು ಒಂದೊಂದು ಚೂರು ಬಿಟ್ಟು ನೋಡುತ್ತದೆ, ಯಾವುದಕ್ಕೆ ನಾಡಿ ಇಳಿಯುತ್ತದೋ ಅದನ್ನು ಇಟ್ಟುಕೊಳ್ಳುತ್ತದೆ.

"ಅದು ನಮ್ಮಮ್ಮನ ವಾಸನೆ," ಎಂದಳು ಸಿಂಚನಾ.

"ಹೌದಾ? ಎಷ್ಟು ಚೆನ್ನಾಗಿದೆ ನೋಡಿ," ಎಂದ ವಾಗೀಶ. ನಿಜವಾಗಿಯೇ ಮೆಚ್ಚಿಕೊಂಡಿದ್ದ.

ಅವಳಿಗೆ ಅವನ ಮೇಜಿನ ಮೇಲೆ ಕಾರಿಕೊಳ್ಳಬೇಕೆನ್ನಿಸಿತು. ತಡೆದುಕೊಂಡು, ಯಾಕೆ ಹೀಗೆ ಎಂದಷ್ಟೇ ಕೇಳಿದಳು. ಅವನು ತಾಳ್ಮೆಯಿಂದಲೇ ಉತ್ತರಿಸಿದ. ಸಂಕಲ್ಪವನ್ನು ಆಸ್ಪತ್ರೆ ಮೀರುವಂತಿಲ್ಲ. ಒಬ್ಬೊಬ್ಬರೂ ನೋವು ಬರುವವರೆಗೆ ಕಾಯುತ್ತೇನೆ ಎಂದರೆ, ರಾತ್ರಿಯೆಲ್ಲ ನಡೆದಾಡುತ್ತೇನೆ ಎಂದರೆ, ಅಷ್ಟು ಕೋಣೆ ಎಲ್ಲಿದೆ, ಅಷ್ಟು ಜನ ದಾದಿಯರು ಎಲ್ಲಿದ್ದಾರೆ? ಹೆಂಗಸರು ಕೇಳಿದ್ದನ್ನು ಕೊಡಲೇಬೇಕಾದಾಗ, ಕೊಡಲಾಗುವಂಥದ್ದನ್ನು ಅವರು ಕೇಳುವಂತೆ ಮಾಡುವುದೇ ಉಳಿದ ದಾರಿ. ಯಾರಿಗೂ ಹಾನಿಯಾಗಿಲ್ಲ, ಯಾರೂ ದೂರು ಕೊಟ್ಟಿಲ್ಲ, ಎಲ್ಲರೂ ತೃಪ್ತರಾಗಿದ್ದಾರೆ. ನಿದ್ದೆಗೆ ನೆರವು ಬೇಕೇ ಎಂದು ಗೆಳತಿ ಕೇಳಿದಾಗ ನೀವೂ ಹೂಂ ಎಂದಿದ್ದೀರಲ್ಲ.

"ಅಲ್ಲ ಮೇಡಂ, ನಾವು ಯಾರಿಗೂ ಸುಳ್ಳು ಹೇಳ್ತಿಲ್ಲ. ನೀವು ಬರೆದ ವಾಕ್ಯದಲ್ಲಿ ಒಂದಾದರೂ ಸುಳ್ಳಿದೆಯಾ ಹೇಳಿ. ಬೆಳಗಿನ ಹೊತ್ತು ಡಾಕ್ಟರು, ದಾದಿಯರು ಎಲ್ಲರೂ ಇರೋದಿಲ್ವಾ?"

ಸುಳ್ಳಿರಲಿಲ್ಲ. ಅವಳ ವಾಕ್ಯಗಳಲ್ಲಿ ಸುಳ್ಳು ಇರುತ್ತಲೇ ಇರಲಿಲ್ಲ, ಅದು ಅವಳ ಹೆಮ್ಮೆಯಾಗಿತ್ತು.

ಏಳುವಾಗ ಅವನು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಹೊರಗೆ ಹೇಳಬೇಕೆನ್ನಿಸಿದರೆ ಹೇಳಬಹುದು, ತಡೆಯುವವರಿಲ್ಲ. ಆದರೆ ಸಂಕಲ್ಪವೆಂಬುದೇ ಮೋಸವೆಂದು ಜನಕ್ಕೆ ಅನ್ನಿಸಿದ ದಿನ ಕಾಯಿದೆ ಬೀಳುತ್ತದೆ. ಆಮೇಲೆ ಹಳೆಯ ವಾರ್ಡು, ಹಳೆಯ ಬೈಗುಳ. ಅದನ್ನು ಬೆದರಿಕೆಯಂತೆ ಹೇಳಲಿಲ್ಲ, ಬೇಸರದಿಂದಲೇ ಹೇಳಿದ. ಅದು ನಿಜವೆಂದು ಸಿಂಚನಾಗೂ ಗೊತ್ತಿತ್ತು.

* * *

ಅವತ್ತು ಸಂಜೆ ಅವಳು ಪಟ್ಟಿ ಕಟ್ಟಿಕೊಂಡು ಗೆಳತಿಯ ಮುಂದೆ ಕೂತು, ಸಂಕಲ್ಪ ತಿದ್ದಬೇಕು ಎಂದಳು. ನೋವು ಬರುವವರೆಗೆ ಕಾಯುತ್ತೇನೆ, ಆಪರೇಷನ್ ಬೇಡ ಎಂದಳು. ಹೇಳುವಾಗ ಎದೆ ಹೊಡೆದುಕೊಳ್ಳುತ್ತಿತ್ತು.

ಗೆಳತಿಯ ದನಿ ಮಮತೆಯಿಂದ ತುಂಬಿತ್ತು. "ನಿನ್ನ ನಾಡಿ ಓಡ್ತಾ ಐತೆ ಕಣವ್ವ. ಇದು ನಿನ್ನ ಬಯಕೆ ಅಲ್ಲ, ನಿನ್ನ ಭಯ. ಭಯದಾಗೆ ತೀರ್ಮಾನ ಮಾಡಬಾರ್ದು. ನಾಳೆ ಮಾತಾಡಾನ."

ಈ ಮಾತನ್ನೂ ಬರೆದಿದ್ದು ಅವಳೇ. ಗಂಡನೋ ಅತ್ತೆಯೋ ಹೆದರಿಸಿ ಸಂಕಲ್ಪ ಬದಲಿಸಿಬಿಟ್ಟಾರು ಎಂದು, ಹೆಂಗಸು ಸಮಾಧಾನದಿಂದ ಹೇಳಿದ್ದನ್ನಷ್ಟೇ ಒಪ್ಪಬೇಕೆಂದು ಕಾಯಿದೆಯಲ್ಲೇ ಇತ್ತು. ಒಳ್ಳೆಯ ಕಟ್ಟಳೆಯೇ. ಅದೇ ಈಗ ಬಾಗಿಲಿಗೆ ಹೊರಗಿನ ಚಿಲಕವಾಗಿತ್ತು. ಮಾರನೆಯ ದಿನ ಹೇಳಿದಳು, ಅದರ ಮಾರನೆಯ ದಿನವೂ ಹೇಳಿದಳು. ಸಿಟ್ಟು ಬಂದಷ್ಟೂ ನಾಡಿ ಓಡುತ್ತಿತ್ತು, ನಾಡಿ ಓಡಿದಷ್ಟೂ ಗೆಳತಿ ಸಮಾಧಾನ ಮಾಡುತ್ತಿತ್ತು. ಸಮಾಧಾನಕ್ಕೆಂದು ಮುಚ್ಚಳ ತೆರೆದು ಟಿಕ್ ಎಂದು ಸಾಂಬ್ರಾಣಿ ಬಿಡುತ್ತಿತ್ತು, ಅವಳು ಬಚ್ಚಲಿಗೆ ಓಡುತ್ತಿದ್ದಳು. ಮೂರು ವಾರ ಕಳೆದರೆ ಸಂಕಲ್ಪಕ್ಕೆ ಮುದ್ರೆ ಬೀಳುತ್ತದೆ, ಆಮೇಲೆ ತಿದ್ದುವಂತಿಲ್ಲ.

ರಾತ್ರಿ ಹೊತ್ತು ಅವಳು ಯಂತ್ರವನ್ನು ಅಡುಗೆಮನೆಯ ಹಿಟ್ಟಿನ ಡಬ್ಬದಲ್ಲಿ ಮುಚ್ಚಿಡತೊಡಗಿದಳು. ದೊಡ್ಡಮ್ಮ ಅದನ್ನು ನೋಡಿದಳು. ಅಂದಿನಿಂದ ಸಾಂಬ್ರಾಣಿ ಹಾಕುವುದನ್ನೂ ನಿಲ್ಲಿಸಿ, ಊದುಬತ್ತಿಯನ್ನೂ ಹಚ್ಚದೆ ಬರಿಯ ದೀಪಕ್ಕೆ ಕೈ ಮುಗಿಯುತ್ತಿದ್ದಳು.

ಆ ಭಾನುವಾರ ದೊಡ್ಡಮ್ಮ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಕಾಯಿಯ ಬೆನ್ನು ಒತ್ತುವುದು, ಕಾಳು ಉದುರಿಸುವುದು, ಸಿಪ್ಪೆ ಪಕ್ಕಕ್ಕೆ ಹಾಕುವುದು. ನೋಡುತ್ತ ನೋಡುತ್ತ ಸಿಂಚನಾಗೆ ಹೊಳೆಯಿತು. ಹತ್ತಿರ ಹೋಗಿ ಕೂತು, ದೊಡ್ಡಮ್ಮನ ಕೈಗೆ ಪಟ್ಟಿ ಕಟ್ಟಿದಳು. ನಾನು ಏನು ಹೇಳಿದರೂ ನೀನು ಮಾತಾಡಬೇಡ, ಸುಮ್ಮನೆ ಸುಲಿಯುತ್ತಿರು ಎಂದಳು.

"ಮತ್ತೆ ನನಗೇನಾ? ಈ ಸಲ ಗಂಡಾ ಹೆಣ್ಣಾ ಅದನ್ನಾದ್ರೂ ಹೇಳು," ಎಂದಳು ದೊಡ್ಡಮ್ಮ, ಆದರೂ ಸುಲಿಯುತ್ತಲೇ ಇದ್ದಳು.

ಸಿಂಚನಾ ಯಂತ್ರ ತಂದಿಟ್ಟು, ದನಿಯನ್ನು ಬಿಗಿಹಿಡಿದು ಮಾತು ಶುರು ಮಾಡಿದಳು. ಒಂದೊಂದು ಪದವನ್ನೂ ತೂಗಿ, ಎಲ್ಲಿಯೂ ದನಿ ಏರದಂತೆ. ಆಪರೇಷನ್ ಬೇಡ. ನೋವು ಬರುವವರೆಗೆ ಕಾಯುತ್ತೇನೆ. ಓಡಾಡಿಕೊಂಡಿರುತ್ತೇನೆ. ಗೆಳತಿಯ ಹಸಿರು ದೀಪ ಅಲುಗದೆ ಉರಿಯಿತು. "ನನ್ನ ದೊಡ್ಡಮ್ಮ ಕೊನೇವರೆಗೂ ನನ್ನ ಪಕ್ಕದಲ್ಲೇ ಇರಬೇಕು," ಎಂದಳು.

ಅವರೆಕಾಯಿ ಸುಲಿಯುವ ಕೈ ನಿಂತಿತು. ಹಸಿರು ದೀಪ ಒಮ್ಮೆ ಹಳದಿಗೆ ತಿರುಗಿತು. ದೊಡ್ಡಮ್ಮ ತಲೆಯೆತ್ತಲಿಲ್ಲ. ಮೂಗು ಒಂದು ಸಲ ಸೊರಗುಟ್ಟಿತು. ಆಮೇಲೆ ಮತ್ತೆ ಒಂದು ಕಾಯಿ ಎತ್ತಿಕೊಂಡಳು, ಬೆನ್ನು ಒತ್ತಿದಳು, ಕಾಳು ಉದುರಿಸಿದಳು. ಇನ್ನೊಂದು ಎತ್ತಿಕೊಂಡಳು. ದೀಪ ಹಸಿರಾಯಿತು.

"ಇನ್ನೊಂದು ಸಲ ಹೇಳವ್ವ," ಎಂದಿತು ಗೆಳತಿ. ಸಿಂಚನಾ ಹೇಳಿದಳು. ಇದು ನಿನ್ನ ನಿಜವಾದ ಬಯಕೆ, ಒಪ್ಪಿಕೊಂಡಿದ್ದೀನಿ ಎಂದಿತು.

ಯಾರ ಬಯಕೆ, ಯಾರ ನಾಡಿ ಎಂದು ಸಿಂಚನಾ ಆಮೇಲೆ ಬಹಳ ಹೊತ್ತು ಯೋಚಿಸಿದಳು. ಅವಳಿಗೆ ಗೆದ್ದೆ ಎನ್ನಿಸಲಿಲ್ಲ. ಕೊಳಕು ನೀರಿನ ಬಾವಿಯಿಂದ ತನ್ನ ಕೊಡವನ್ನಷ್ಟೇ ಮೇಲೆತ್ತಿಕೊಂಡೆ ಎನ್ನಿಸಿತು. ನಕ್ಷೆಯ ಮೇಲಿನ ಸಾವಿರಾರು ಚುಕ್ಕಿಗಳಲ್ಲಿ ಒಂದು ಅವರ ಮನೆಯ ಕೆಳಮಹಡಿಯಲ್ಲೇ ಇತ್ತು.

* * *

ಕೆಳಮಹಡಿಯ ನುಸ್ರತ್ ಸಿಂಚನಾಗಿಂತ ಐದಾರು ವರ್ಷ ಚಿಕ್ಕವಳು. ಬಿ.ಇಡಿ. ಮಾಡಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಅವಳಿಗೂ ಮೊದಲ ಬಸುರು, ಸಿಂಚನಾಗಿಂತ ಒಂದು ವಾರ ಮುಂದೆ. ಅವಳೂ ತನ್ನ ಅಮ್ಮಿ ಜೊತೆಯಲ್ಲಿರಲಿ ಎಂದು ಹಟ ಹಿಡಿದು, ಆಮೇಲೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಆಪರೇಷನ್ನಿಗೆ ದಿನ ಹೇಳಿದ್ದಳು. ಸೋಮವಾರ ಬೆಳಿಗ್ಗೆ ಮುಗಿಸಿಕೊಂಡರೆ ಶುಕ್ರವಾರದ ಜುಮ್ಮಾ ಹೊತ್ತಿಗೆ ಮನೆಯಲ್ಲಿರುತ್ತೀನಿ ಅಕ್ಕ ಎಂದು ನಗುತ್ತ ಹೇಳಿದ್ದಳು. ಸಂಜೆ ಹೊತ್ತು ಎಲ್ಲಿಂದಲೋ ಹಸಿ ಮೆಹಂದಿ ವಾಸನೆ ಬರುತ್ತೆ, ನಿಮಗೂ ಬರುತ್ತಾ ಎಂದೂ ಕೇಳಿದ್ದಳು. ಆಗ ಸಿಂಚನಾ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ರಜೆಯ ಮೇಲೆ ಹೋಗುವ ಮುಂಚೆ ಸಿಂಚನಾ ತನ್ನ ಕೆಲಸಗಳನ್ನು ಮುಗಿಸಿಕೊಡಬೇಕಿತ್ತು. ನಿದ್ದೆಯ ವಾಕ್ಯಗಳನ್ನು ಆಗಾಗ ಬದಲಿಸುತ್ತಿದ್ದರು. ಒಂದೇ ಮಾತು ಹಳತಾದರೆ ನಾಟುವುದಿಲ್ಲವಂತೆ. ಅವಳು ಬರೆದದ್ದನ್ನು ವಾಗೀಶ ಒಂದೋ ಎರಡೋ ಕೇಳಿ ನೋಡಿ ಒಪ್ಪಿಗೆ ಕೊಡುತ್ತಿದ್ದ. ಹಳ್ಳಿಯ ಮಾತು ಅವನಿಗೆ ಚೆನ್ನಾಗಿ ತಿಳಿಯುತ್ತಿರಲಿಲ್ಲ, ಅವತ್ತಿನ ಮಾತಿನ ನಂತರವೂ ಅವಳು ಎಂದಿನಂತೆ ಕೆಲಸಕ್ಕೆ ಬರುತ್ತಿದ್ದುದರಿಂದ ಅವಳ ಮೇಲಿನ ನಂಬಿಕೆ ಕದಲಿರಲಿಲ್ಲ. ಖಾಲಿ ಬಿಟ್ಟರೆ ಯಂತ್ರ ಹಳೆಯ ವಾಕ್ಯವನ್ನೇ ಹೇಳುತ್ತದೆ. ಏನಾದರೂ ಬರೆಯಲೇಬೇಕು.

ಅವಳು ಬರೆದಳು: "ಬೇಡ ಅನ್ನಾಕೆ ಇನ್ನೂ ತಡವಾಗಿಲ್ಲ ಕಣವ್ವ. ಮುದ್ರೆ ಬೀಳೋ ಕೊನೇಗಳಿಗೆವರ್ಗೂ ಅದು ನಿನ್ನ ಕೈಯಾಗೇ ಐತೆ."

ಒಂದಕ್ಷರ ಸುಳ್ಳಿರಲಿಲ್ಲ. ತಿಪಟೂರಿಗೆ ಒಂದು, ಮಧುಗಿರಿಗೆ ಒಂದು, ಪಟ್ಟಣದವರಿಗೆ ಒಂದು ಎಂದು ಹದ ಬದಲಿಸಿ ಎಲ್ಲವನ್ನೂ ಜೋಡಿಸಿದಳು. ವಾಗೀಶ ಮೊದಲಿನ ಎರಡನ್ನು ಕೇಳಿದ. ಆ ಎರಡನ್ನು ಮಾತ್ರ ಅವಳು ಹಳೆಯದರಂತೆಯೇ ಬರೆದಿದ್ದಳು. ಚೆನ್ನಾಗಿದೆ ಮೇಡಂ, ಆರಾಮಾಗಿ ಹೋಗಿಬನ್ನಿ ಎಂದ. ಮನೆಗೆ ಬರುವ ಆಟೋದಲ್ಲಿ ಅವಳಿಗೆ ಎಷ್ಟೋ ದಿನಗಳ ನಂತರ ಹಸಿವಾಯಿತು.

* * *

ನುಸ್ರತ್‌ಗೆ ಗಂಡುಮಗುವಾಯಿತು. ಸೋಮವಾರ ಬೆಳಿಗ್ಗೆಯಲ್ಲ. ಮುದ್ರೆ ಬೀಳುವ ಹಿಂದಿನ ದಿನ ಸಂಕಲ್ಪ ಬದಲಿಸಿ, ಒಂದು ಹಗಲು ಒಂದು ರಾತ್ರಿ ನೋವು ತಿಂದು ಹೆತ್ತಿದ್ದಳು.

ದೊಡ್ಡಮ್ಮ ಕಟ್ಟಿಕೊಟ್ಟ ಬಿಸಿ ಬೇಳೆಕಟ್ಟಿನ ಸಾರು ಹಿಡಿದುಕೊಂಡು ಸಿಂಚನಾ ಆಸ್ಪತ್ರೆಗೆ ನೋಡಲು ಹೋದಳು. ನುಸ್ರತ್‌ಳ ಕಣ್ಣಿನ ಬಿಳಿಯಲ್ಲಿ ರಕ್ತ ಒಡೆದಿತ್ತು. ಕಚ್ಚಿಕೊಂಡ ತುಟಿ ಬಾತಿತ್ತು. ಹೊಲಿಗೆ ಹಾಕಿದ್ದರಿಂದ ಪಕ್ಕಕ್ಕೆ ವಾಲಿ ಕೂತಿದ್ದಳು. ಅವಳ ಅಮ್ಮಿ ಕೂಸಿನ ಬಟ್ಟೆ ಒಗೆಯಲು ಹೋಗಿದ್ದಳು. ಕೋಣೆಯಲ್ಲಿ ಡೆಟಾಲಿನ, ರಕ್ತದ, ಹಾಲಿನ ವಾಸನೆ ಒಂದರೊಳಗೊಂದು ಕಲೆತಿತ್ತು. ನಡುವೆ ನುಸ್ರತ್ ಹಬ್ಬದ ದಿನದಂತೆ ಬೆಳಗುತ್ತಿದ್ದಳು.

ನಡುರಾತ್ರಿ ಆಪರೇಷನ್ ಮಾಡಿಬಿಡಿ ಎಂದು ತಾನೇ ಕಾಲು ಹಿಡಿದೆ ಎಂದಳು. ಡಾಕ್ಟರು, ಅಪಾಯವಿಲ್ಲ, ನೀನೇ ಬೇಡವೆಂದು ಮುದ್ರೆ ಹಾಕಿಸಿದ್ದೀಯ ಎಂದು ತೋರಿಸಿದರಂತೆ. ಆಗ ಅವರನ್ನು ಉರ್ದುವಿನಲ್ಲಿ ಏನೇನು ಬೈದೆನೋ ಎಂದು ನಕ್ಕು, ಹೊಲಿಗೆ ಎಳೆದು, ಮುಖ ಕಿವುಚಿ, ಮತ್ತೆ ನಕ್ಕಳು.

ಸಿಂಚನಾ ಮಂಚದ ಕಂಬಿ ಹಿಡಿದುಕೊಂಡಳು. ಯಾಕೆ ಬದಲಿಸಿದೆ ಎಂದು ಕೇಳಬಾರದಿತ್ತು. ಕೇಳಿದಳು.

"ಯಾರೂ ಹೇಳಲಿಲ್ಲ ಅಕ್ಕ, ಅದೇ ಮಜಾ," ಎಂದಳು ನುಸ್ರತ್. "ಒಂದು ದಿನ ಬೆಳಿಗ್ಗೆ ಎದ್ದೆ. ಮೂಗಿನ ತುಂಬಾ ಮೆಹಂದಿ ವಾಸನೆ. ಬೇಡ ಅನ್ನೋಕೆ ಇನ್ನೂ ತಡವಾಗಿಲ್ಲ ಅಂತ ನನಗೆ ನಾನೇ ಅಂದ್ಕೊಂಡೆ. ನನ್ನ ಮನೇಲಿ ಬಟ್ಟೆ ಬಣ್ಣದಿಂದ ಹಿಡಿದು ಮದುವೆವರೆಗೂ ಎಲ್ಲಾ ಬೇರೆಯವರದ್ದೇ. ಇದೊಂದು ನಂದು ಅಕ್ಕ. ಸಾಯೋವರೆಗೂ ನಂದೇ."

ಹಾಗೆಂದು ಅವಳು ಕೂಸನ್ನು ಎತ್ತಿ ಸಿಂಚನಾಳ ಕೈಗಿಟ್ಟಳು. ಬಿಸಿಯಾದ, ಕೆಂಪಾದ, ಮುಷ್ಟಿ ಬಿಗಿದುಕೊಂಡ ಜೀವ. ನಿದ್ದೆಯ ವಾಕ್ಯದ ಜಾಗದಲ್ಲಿ ಮಗ್ಗಿ ಬರೆಯಬಹುದಿತ್ತು ಎಂದು ಸಿಂಚನಾಗೆ ಈಗ ಅನ್ನಿಸಿತು. ಹುಣಸೆಹಣ್ಣು ಕಿವುಚುವುದು ಹೇಗೆಂದು ಬರೆಯಬಹುದಿತ್ತು. ಯಾವ ಅರ್ಥವೂ ಇಲ್ಲದ ಒಂದು ಜೋಗುಳ ಬರೆದಿದ್ದರೆ ಆ ಹೆಂಗಸರು ಅವರಷ್ಟಕ್ಕೆ ಮಲಗಿರುತ್ತಿದ್ದರು. ಆಗ ಅದು ಅವಳಿಗೆ ಹೊಳೆಯಲೇ ಇಲ್ಲ. ವಾಗೀಶ ಕೂತಿದ್ದ ಕುರ್ಚಿಯಲ್ಲೇ ಕೂತು, ಅವನು ತೆರೆದ ಬಾಗಿಲಲ್ಲೇ ನುಗ್ಗಿ, ನಿದ್ದೆಯಲ್ಲಿದ್ದ ಸಾವಿರಾರು ಜನರ ಕಿವಿಗೆ ತನಗೆ ಸರಿಕಂಡದ್ದನ್ನು ಊದಿದ್ದಳು. ನುಸ್ರತ್‌ಳ ಕಣ್ಣಿನ ರಕ್ತಕ್ಕೆ ಕಾರಣ ತಾನು. ಆ ಮುಖದ ಬೆಳಕಿಗೂ ತಾನೇ, ಅದನ್ನು ನೆನೆದರೆ ಇನ್ನೂ ಅಸಹ್ಯವಾಗುತ್ತಿತ್ತು.

ಕೂಸನ್ನು ಮೆಲ್ಲಗೆ ತಾಯಿಯ ಮಡಿಲಿಗೆ ಹಾಕಿ, ಬಚ್ಚಲಿಗೆ ಹೋಗಿ, ನೀರು ಬಿಟ್ಟುಕೊಂಡು, ಸದ್ದಾಗದಂತೆ ಕಾರಿಕೊಂಡಳು. ಸಾರಿನ ಡಬ್ಬ ತೊಳೆದಳು. ಎರಡೆರಡು ಸಲ ತೊಳೆದಳು.

ಹೊರಗೆ ಬಂದಾಗ ನುಸ್ರತ್, ಯಾಕಕ್ಕ ಮುಖ ಹೀಗಾಗಿದೆ, ಹೆದರಿಕೆಯಾ ಎಂದು ಕೇಳುತ್ತಿದ್ದಳು. ನಿನ್ನ ಮಾತು ಕೇಳಿ ಧೈರ್ಯ ಬಂತು ಎಂದಳು ಸಿಂಚನಾ. ಎಷ್ಟೋ ವರ್ಷಗಳಲ್ಲಿ ಅವಳು ಆಡಿದ ಮೊದಲ ಸುಳ್ಳು ಅದು.

ಮನೆಯಲ್ಲಿ ದೊಡ್ಡಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಹೇಗಿದಾಳೆ, ಏನಂದಳು, ಯಾಕೆ ಹಾಗೆ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿದಳಂತೆ ಎಂದು ಕೇಳಿದಳು. ಸಿಂಚನಾ ಚಪ್ಪಲಿ ಬಿಟ್ಟಳು, ಕಾಲು ತೊಳೆದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಳ್ಳುವ ಆ ಹೊತ್ತಿನಲ್ಲೇ ನಿಶ್ಚಯ ಮಾಡಿಕೊಂಡಳು: ದೊಡ್ಡಮ್ಮನಿಗಾಗಲಿ, ಮಧುಕರನಿಗಾಗಲಿ, ನಾಳೆ ಹುಟ್ಟುವ ಕೂಸು ದೊಡ್ಡದಾಗಿ ಕೇಳಿದರೆ ಅದಕ್ಕಾಗಲಿ, ಯಾರಿಗೂ ಇದನ್ನು ಹೇಳುವುದಿಲ್ಲ.

"ಅವಳಿಗೇ ಹಾಗನ್ನಿಸ್ತಂತೆ ದೊಡ್ಡಮ್ಮ," ಎಂದಳು.